ರೇಡಿಯೋ ಕಾಕಾ ತಂದ ಎರಡನೇ ಭಾಗ

ಕಾಕಾರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಕಾಯಿಸಿದ ಕಡ್ಡಿಯಿಂದ ಸೀಸ ಕರಗಿಸಿ ತಂತಿ ಬೆಸೆಯುವಾಗ ಎಷ್ಟು ಸಲ ಸುಟ್ಟುಕೊಂಡಿದ್ದರೋ, ಆ ಜಾಗ ಚಪ್ಪಟೆಯಾಗಿ, ನುಣುಪಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮಾತಾಡುವಾಗ ಆ ಬೆರಳನ್ನು ತೋರುಬೆರಳಿಗೆ ಮೆಲ್ಲಗೆ ಉಜ್ಜುತ್ತಿದ್ದರು. ಅಲ್ಲೇನೋ ಅಂಟಿಕೊಂಡಿದೆ, ಬಿಡಿಸಬೇಕು ಎನ್ನುವಂತೆ.

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಎದುರಿಗೇ ಅವರ ರಿಪೇರಿ ಅಂಗಡಿ, ಅಂಗಡಿಯ ಹಿಂದೆ ಅವರ ಮನೆ. ಊರಿಗೆಲ್ಲ ಅವರು ರೇಡಿಯೋ ಕಾಕಾ. ರಿಪೇರಿಗೆ ಬಂದ ರೇಡಿಯೋಗಳಿಗೆ ಒಡೆಯರ ಹೆಸರು ಬರೆದಿಡುವ ರೂಢಿ ಅವರಿಗಿರಲಿಲ್ಲ. ಒಡೆಯನ ಊರಿನ ಹೆಸರನ್ನೇ ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ಹಾಗಾಗಿ ಬೆಳಿಗ್ಗೆ ಅವರ ಹೆಂಡತಿ ಕಾಕು ಚಹಾ ತಂದಾಗ ಅವರು ಕೊಡುತ್ತಿದ್ದ ವರದಿ ಹೀಗಿರುತ್ತಿತ್ತು: “ಖಜೂರಿ ಕೆಮ್ಮಾಕತ್ತದ. ನರೋಣಾ ಇನ್ನಾ ಬಾಯಿ ಬಿಡವಲ್ದು.” ಕೈಗೆತ್ತಿಕೊಂಡ ರೇಡಿಯೋ ಮಾತಾಡುವವರೆಗೆ ಚಹಾ ಕುಡಿಯುತ್ತಿರಲಿಲ್ಲ. ಅವರು ಬಿಸಿ ಚಹಾ ಕುಡಿದದ್ದನ್ನು ನಾನು ನೋಡಿದ್ದು ಕಡಿಮೆ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಮನೆಮನೆಗೆ ಟಿವಿ ಬಂದು ರೇಡಿಯೋ ರಿಪೇರಿಗೆ ಬರುವವರು ಕಡಿಮೆಯಾಗಿದ್ದರು. ಕಾಕಾ ಸೊಲ್ಲಾಪುರಕ್ಕೆ ಹೋಗಿ ಒಂದು ವಿಡಿಯೋ ಗೇಮ್ ತಂದು ಅಂಗಡಿಯ ಹಳೇ ಟಿವಿಗೆ ಜೋಡಿಸಿದರು. ಕೆಂಪು ರುಮಾಲಿನ ಒಬ್ಬ ಪುಟ್ಟ ಮನುಷ್ಯ ಓಡುತ್ತ, ತಗ್ಗು ದಾಟುತ್ತ, ಗೋಡೆ ಹತ್ತುತ್ತ ಹೋಗುವ ಆಟ. ನೋಡಲಿಕ್ಕೆ ಏನೂ ಚೆಂದವಿರಲಿಲ್ಲ. ಗಿಡಗಳು ಬಾಚಣಿಕೆಯಂತೆ, ಮೋಡಗಳು ಸುಣ್ಣದ ಹೆಂಟೆಯಂತೆ ಇದ್ದವು. ಆದರೆ ಗುಂಡಿ ಒತ್ತಿದ ಕ್ಷಣಕ್ಕೇ ಆ ಮನುಷ್ಯ ಜಿಗಿಯುತ್ತಿದ್ದ. ಕಾಕಾ ಅವನನ್ನು “ತಮ್ಮಾ” ಎಂದು ಕರೆಯುತ್ತಿದ್ದರು. “ಜಿಗಿ ತಮ್ಮಾ. ಶಾಬಾಸ್.” ನಮ್ಮ ಕಡೆ ಯಾವ ಹುಡುಗನನ್ನಾದರೂ ತಮ್ಮಾ ಎನ್ನುತ್ತಾರೆ; ನಮಗೇನೂ ಅನಿಸಲಿಲ್ಲ.

ಸಂಜೆ ಹುಡುಗರು ತುಂಬಿಕೊಳ್ಳುತ್ತಿದ್ದರು. ನಾನು ಒಂಬತ್ತನೇ ಇಯತ್ತೆಯ ಹುಡುಗಿ, ಆ ಗುಂಪಿನೊಳಗೆ ಹೋಗುವಂತಿರಲಿಲ್ಲ. ಮುಂಜಾನೆಯ ಶಾಲೆ ಮುಗಿಸಿ ಮಧ್ಯಾಹ್ನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದವಳನ್ನು ಕಾಕಾ ತಾವೇ ಒಳಗೆ ಕರೆದು ಕೂರಿಸಿದರು. ನಮ್ಮವ್ವ ಬಂದು, ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದದ್ದಕ್ಕೆ, “ಬೆರಳಿನಾಗ ಹೆಣ್ಣು ಗಂಡು ಇರಂಗಿಲ್ಲ ತಂಗಿ” ಎಂದರು.

ಆ ಆಟವನ್ನು ಕೊನೆಯವರೆಗೆ ಆಡಿ ಮುಗಿಸಿದವರು ಓಣಿಯಲ್ಲಿ ಇಬ್ಬರೇ. ಮೊದಲು ಕಾಕಾ, ಆಮೇಲೆ ನಾನು.

ಅದರ ಎರಡನೇ ಭಾಗ ಬಂದಿದೆಯೆಂದು ಸೊಲ್ಲಾಪುರದ ಅಂಗಡಿಯವನು ಹೇಳಿದಾಗಿನಿಂದ ಕಾಕಾ ದಿನ ಎಣಿಸತೊಡಗಿದರು. ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. ಮೂರನೇ ಸಲ ಆಟದ ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಳಿದರು. ಅವತ್ತು ಕಾಕುವನ್ನೂ ಅಡುಗೆಮನೆಯಿಂದ ಕರೆದು ಟಿವಿ ಮುಂದೆ ಕೂರಿಸಿದರು. ಪರದೆ ಬೆಳಗಿತು. ಮುಳುಗುವ ಹೊತ್ತಿನ ಬಾನು, ಅದರಲ್ಲಿ ಐದಾರು ಬಣ್ಣ. ಹಾರಿಹೋಗುವ ಹಕ್ಕಿಗಳು. ಗಾಳಿಗೆ ನಿಜವಾಗಿ ಬಳುಕುವ ಹುಲ್ಲು. ಮೂರನೇ ಹಂತದಲ್ಲಿ ಒಂದು ದೊಡ್ಡ ನದಿ. ಅದರ ನೀರು ಬಿಸಿಲಿಗೆ ಮಿನುಗುತ್ತಿತ್ತು.

ಆದರೆ ಮನುಷ್ಯ ಮಾತ್ರ ಕೆಟ್ಟುಹೋಗಿದ್ದ. ನಿಲ್ಲು ಎಂದರೆ ಸಾಬೂನಿನ ಮೇಲೆ ಕಾಲಿಟ್ಟವನಂತೆ ಜಾರಿ ಮುಂದೆ ಹೋಗುತ್ತಿದ್ದ. ಜಿಗಿ ಎಂದರೆ, ಹೇಳಿದ್ದು ಕೇಳಿಸಿತೋ ಇಲ್ಲವೋ ಎನ್ನುವಂತೆ ಒಂದು ಗಳಿಗೆ ನಿಂತು ಆಮೇಲೆ ಜಿಗಿಯುತ್ತಿದ್ದ. ಅಷ್ಟರಲ್ಲಿ ಬಿದ್ದಿರುತ್ತಿದ್ದ. ಹುಡುಗರು ಒಂದು ವಾರ ಬೈದುಕೊಂಡು ಆಡಿದರು, ಆಮೇಲೆ ಹಳೇದನ್ನೇ ಹಾಕ್ರಿ ಎಂದರು.

ಕಾಕಾ ಬಿಡಲಿಲ್ಲ. ದೋಷ ಕೈಯಲ್ಲಿ ಹಿಡಿಯುವ ಗುಂಡಿಪೆಟ್ಟಿಗೆಯಲ್ಲಿದೆ ಎಂದು ಅದನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಒಳಗಿನ ರಬ್ಬರ್ ಬದಲಿಸಿ, ತಂತಿಯನ್ನೇ ಹೊಸದು ಹಾಕಿದರು. ಏನೂ ಆಗಲಿಲ್ಲ. “ರೋಗ ಗುಂಡಿಯಾಗಿಲ್ಲಬೇ, ಇವನೊಳಗ ಅದ” ಎಂದರು. ಆಮೇಲೆ ಪ್ರತಿ ಮಧ್ಯಾಹ್ನ ಅದೇ ನದಿಯ ಮುಂದೆ ಕೂತರು. ನೀರಿನ ಮೇಲೆ ತೇಲುವ ಮೂರು ಹಲಗೆಗಳ ಮೇಲೆ ಜಿಗಿದು ಆ ದಡ ಸೇರಬೇಕು. ಮನುಷ್ಯ ಹಲಗೆಯ ಅಂಚಿನಿಂದ ಜಾರಿ ನೀರಿಗೆ ಬೀಳುತ್ತಿದ್ದ. ಬಿದ್ದಾಗ ಇಳಿಯುತ್ತ ಹೋಗುವ ನಾಲ್ಕು ಸ್ವರ ಕೇಳುತ್ತಿತ್ತು. ಕಾಕಾ ಅದನ್ನು ಕೇಳಿ ಕಣ್ಣುಮುಚ್ಚಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಈಗ ತಮ್ಮಾ ಎನ್ನುತ್ತಿರಲಿಲ್ಲ.

ನನಗೆ ಅದರ ಗುಟ್ಟು ನಾಲ್ಕೇ ದಿನಕ್ಕೆ ಸಿಕ್ಕಿತ್ತು. ಅವರು ಸ್ನಾನಕ್ಕೆ ಹೋದಾಗ ಒಬ್ಬಳೇ ಆಡಿ ನೋಡಿದ್ದೆ. ಮನುಷ್ಯ ಅಂಚಿಗೆ ಬಂದ ಮೇಲೆ ಒತ್ತಿದರೆ ತಡವಾಗುತ್ತದೆ. ಅವನು ಇನ್ನೂ ಹಲಗೆಯ ನಡುವೆ ಇದ್ದಾಗಲೇ ಒತ್ತಬೇಕು. ಹಾಗೆ ಒತ್ತಿ ಒಂದು ಸಲ ಆ ದಡಕ್ಕೆ ಹೋಗಿ ಬಂದಿದ್ದೆ. ಆದರೆ ಯಾರಿಗೂ ಹೇಳಲಿಲ್ಲ. ಓಣಿಯ ಯಾವ ಹುಡುಗನಿಗೂ, ಕಾಕಾರಿಗೂ ಗೊತ್ತಿಲ್ಲದ್ದು ನನ್ನ ಹತ್ತಿರ ಒಂದಿದೆ ಎನ್ನುವ ಸೊಕ್ಕು. ಅದನ್ನು ಹಿಡಿದುಕೊಂಡು ಮೂರು ವಾರ ಅವರ ಪಕ್ಕದಲ್ಲೇ ಕೂತು, ಅವರು ಸೋಲುವುದನ್ನು ನೋಡಿದೆ.

ಗೋಡೆಯ ಮಾಡಿನಲ್ಲಿ ರಿಪೇರಿಯಾಗದ ರೇಡಿಯೋಗಳು ಕೂಡುತ್ತ ಹೋದವು. ಒಂದು ದಿನ ಕಾಕು ನನ್ನನ್ನು ಒಳಗೆ ಕರೆದು, ತೊಗರಿ ಹಸನುಮಾಡುತ್ತ, ಮೊರದಿಂದ ಕಣ್ಣೆತ್ತದೆ ಹೇಳಿದರು. ಕಾಕಾರಿಗೆ ಒಬ್ಬ ತಮ್ಮ ಇದ್ದನಂತೆ. ಕಾಕುವಿನ ಮದುವೆಗೂ ಮುಂಚಿನ ಮಾತು. ಬೀಗರ ಊರಿಗೆಂದು ಅಣ್ಣತಮ್ಮ ಇಬ್ಬರೂ ಅಫಜಲಪುರದ ಕಡೆ ಹೋಗಿದ್ದರು. ಭೀಮಾ ನದಿಯಲ್ಲಿ ದೋಣಿ ದಡ ಮುಟ್ಟುವ ಮೊದಲೇ ತಮ್ಮ ಬಂಡೆಯ ಮೇಲೆ ಜಿಗಿಯಲು ಹೋಗಿ ಜಾರಿದ. ಜಾರಿದವನು ಕೈ ಚಾಚಿದ್ದ. ಕಾಕಾ ಹಿಡಿಯಲು ಬಾಗಿದರು. ಬೆರಳಿಗೆ ಬೆರಳು ತಾಗಿತು, ಅಷ್ಟೇ. ಎರಡು ದಿನದ ಮೇಲೆ ಕೆಳಗಿನ ಊರಿನಲ್ಲಿ ಹೆಣ ಸಿಕ್ಕಿತು.

“ರಾತ್ರಿ ನಿದ್ದಿಯಾಗೂ ಹೆಬ್ಬೆಟ್ಟು ಒತ್ತತಾರವ್ವ” ಎಂದರು ಕಾಕು. “ಆ ಕ್ಯಾಸೆಟ್ ಒಲಿಗಿ ಹಾಕಬೇಕಂತೇನಿ. ಕೈ ಬರವಲ್ದು.”

ನಾನು ಅಂಗಡಿಗೆ ಬಂದೆ. ಕಾಕಾ ನದಿಯ ಮುಂದೆಯೇ ಕೂತಿದ್ದರು. ನಿಂತೇ ಗುಟ್ಟು ಹೇಳಿದೆ. ಅದು ನನಗೆ ಯಾವಾಗಿನಿಂದ ಗೊತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ.

“ಕಾಲು ಇನ್ನಾ ಹಲಗಿ ನಡುವ ಇದ್ದಾಗನ ಒತ್ತಬೇಕಾ?”

“ಹೌದ್ರಿ ಕಾಕಾ. ಅಂಚಿಗಿ ಬಂದ ಮ್ಯಾಲ ಒತ್ತಿದ್ರ ತಡಾ ಆಗ್ತದ.”

ಅವರು ಪರದೆಯನ್ನೇ ನೋಡುತ್ತ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರು. “ಬೀಳ್ತಾನಂತ ಮೊದಲ ಗೊತ್ತಿರಬೇಕಲ್ಲಬೇ” ಎಂದರು.

ಮೂರು ಸಲ ಪ್ರಯತ್ನಿಸಿದರು. ಮೂರೂ ಸಲ ಅಂಚಿಗೆ ಬರುವವರೆಗೆ ಅವರ ಬೆರಳು ಏಳಲಿಲ್ಲ. ಆಮೇಲೆ ಗುಂಡಿಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ದಾಟಿಸು, ನಾನು ನೋಡುವುದಿಲ್ಲ ಎಂದು ಹೇಳಿ, ರೇಡಿಯೋಗಳ ಕಡೆಗೆ ಮುಖ ತಿರುಗಿಸಿ ನಿಂತರು.

ಮೊದಲ ಹಲಗೆ ದಾಟಿತು. ಎರಡನೆಯದೂ ದಾಟಿತು. ಮನುಷ್ಯ ಮೂರನೆಯದರ ಮೇಲೆ ಬಂದ. ಕಾಕಾರ ಬೆನ್ನಿನ ಕಡೆ ಒಮ್ಮೆ ಕಣ್ಣು ಹೋಯಿತು. ಒತ್ತಿದೆ; ತಡವಾಗಿತ್ತು. ಆ ನಾಲ್ಕು ಸ್ವರ ಶುರುವಾಗುತ್ತಿದ್ದ ಹಾಗೆ ಎದ್ದು ಪ್ಲಗ್ ಕಿತ್ತುಬಿಟ್ಟೆ. ಎರಡು ಸ್ವರ ಹೊರಗೆ ಬಂದಿದ್ದವು, ಅಥವಾ ಮೂರು.

“ದಾಟಿದನೇನು?” ಗೋಡೆಯ ಕಡೆ ನೋಡುತ್ತಲೇ ಕೇಳಿದರು.

“ದಾಟಿದ ನೋಡ್ರಿ ಕಾಕಾ.”

ಅವರು ತಕ್ಷಣ ತಿರುಗಲಿಲ್ಲ. ತಿರುಗಿದಾಗ ಮುಖ ಒದ್ದೆಯಾಗಿತ್ತು. ಕ್ಯಾಸೆಟ್ಟನ್ನು ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದರು. ಮಾಡಿನಿಂದ ಒಂದು ರೇಡಿಯೋ ಇಳಿಸಿಕೊಂಡು ತಿರುಪು ಬಿಚ್ಚತೊಡಗಿದರು. “ಇನ್ನ ಮನಿಗಿ ಹೋಗವ್ವ. ನಿಮ್ಮವ್ವ ಹಾದಿ ನೋಡತಿರ್ತಾಳ” ಎಂದರು.

ಆ ಆಟವನ್ನು ಅವರು ಮತ್ತೆ ಹಾಕಲಿಲ್ಲ. ಮುಂದಿನ ಎರಡು ವರ್ಷ ಮಧ್ಯಾಹ್ನಗಳಲ್ಲಿ ನನಗೆ ತಂತಿ ಬೆಸೆಯುವುದನ್ನು ಕಲಿಸಿದರು. ಕರೆಂಟು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ತೋರಿಸಿದರು. ಇವತ್ತು ನಾನು ವಿಜ್ಞಾನದ ಟೀಚರ್ ಆಗಿ ಮಕ್ಕಳ ಮುಂದೆ ನಿಲ್ಲುವುದು ಆ ಅಂಗಡಿಯ ಸ್ಟೂಲಿನ ಮೇಲೆ ಕಲಿತ ವಿದ್ಯೆಯಿಂದಲೇ. ಆದರೆ ಕಲಿಯುವಾಗೆಲ್ಲ ಒಂದು ಯೋಚನೆ ಹತ್ತಿರವೇ ಕೂತಿರುತ್ತಿತ್ತು. ಓಣಿಯ ಆ ತುದಿಯಲ್ಲಿ ರೇಡಿಯೋ ಕರಕರ ಎಂದರೆ ಯಾವ ಭಾಗ ಕೆಟ್ಟಿದೆ ಎಂದು ಇಲ್ಲಿಂದಲೇ ಹೇಳುವವರು ಅವರು. ಬೆನ್ನ ಹಿಂದಿನ ಎರಡು ಸ್ವರ ಅವರಿಗೆ ಕೇಳದೇ ಇರುತ್ತದೆಯೇ? ಎಷ್ಟೋ ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ನನ್ನ ಕೈಗೆ ಇನ್ನೊಂದು ತಂತಿ ಕೊಡುತ್ತಿದ್ದರು.

ನಾನು ಕಲಬುರಗಿಯಲ್ಲಿ ಟೀಚರ್ ತರಬೇತಿಗೆ ಇದ್ದಾಗ, ಒಂದು ಬೇಸಿಗೆಯಲ್ಲಿ, ಅಂಗಡಿಯಲ್ಲಿ ಕೂತಲ್ಲೇ ಅವರ ಜೀವ ಹೋಯಿತು. ಸುದ್ದಿ ತಡವಾಗಿ ಮುಟ್ಟಿತು. ನಾನು ಊರಿಗೆ ಬರುವಷ್ಟರಲ್ಲಿ ಮಣ್ಣು ಕೊಟ್ಟು ಎಲ್ಲರೂ ಮರಳಿದ್ದರು.

ಕಾಕು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡರು. ಅಳು ಮುಗಿದ ಮೇಲೆ, ಕಾಕಾ ನನ್ನ ಬಗ್ಗೆ ಬಂದವರಿಗೆಲ್ಲ ಹೇಳುತ್ತಿದ್ದರು ಎಂದರು. ತಮ್ಮಿಂದ ಆಗದ್ದನ್ನು ಎದುರುಮನೆಯ ಹುಡುಗಿ ಮಾಡಿದಳು, ಅವನನ್ನು ದಡ ಮುಟ್ಟಿಸಿದಳು ಎಂದು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

“ಖರೇನೇ ದಾಟಿದ್ನೇನವ್ವ?”

“ಹೌದ್ರಿ ಕಾಕು” ಎಂದೆ.