ಅಕ್ಕ ಮೇಣ ಹಚ್ಚಿದ ಮೇಜು

ಪಾರ್ಶ್ವವಾಯು ಬಡಿದ ಮೇಲೆ ಅಕ್ಕ ಬಲಗೈಯನ್ನು ಮಡಿಲಿನಿಂದ ಎತ್ತುತ್ತಲೇ ಇರಲಿಲ್ಲ. ಕೈಗೆ ಕೆಲಸ ಕೊಡಿ ಎಂದು ಸಕಲೇಶಪುರದ ಡಾಕ್ಟರು ಹೇಳಿದ್ದರು. ರಬ್ಬರ್ ಚೆಂಡು ಹಿಸುಕು ಅಂದರೆ ಅವಳು ಮುಖ ತಿರುಗಿಸುತ್ತಿದ್ದಳು. ಆಗ ನಾನು ಅವಳ ಹಳೆಯ ಕನ್ನಡಿ ಮೇಜಿಗೆ ನೀಲಿ ಬಣ್ಣ ಹೊಡೆದಿದ್ದೆ. ಒಣಗಿದ ಬಣ್ಣ ಸವೆಯದಂತೆ ಅದರ ಮೇಲೆ ಜೇನುಮೇಣ ಹಚ್ಚಬೇಕಿತ್ತು. ಪಂಚೆಯ ತುಂಡಿಗೆ ಚೂರು ಮೇಣ ತಾಗಿಸಿ ಅವಳ ಬಲಗೈಗೆ ಕೊಟ್ಟೆ.

"ಈ ಕೈಲಿ ಆಗಲ್ಲ ಕಣೇ," ಅಂದಳು.

"ತೆಳ್ಳಗೆ ಹಚ್ಚಬೇಕಕ್ಕ. ನನ್ನ ಕೈ ಜೋರು, ಬಣ್ಣನೇ ಎದ್ದು ಬರ್ತೈತೆ," ಎಂದು ಅರ್ಧ ಸುಳ್ಳು ಹೇಳಿದೆ.

ಅವಳು ನಿಧಾನವಾಗಿ, ಸುತ್ತು ಸುತ್ತಾಗಿ ಉಜ್ಜತೊಡಗಿದಳು. ಒಂದು ಮೂಲೆಗೇ ಬೆಳಗ್ಗೆಯೆಲ್ಲ ಹಿಡಿಯಿತು. ಮಧ್ಯಾಹ್ನ ಮೇಣ ಆರಿದಾಗ ಒಣಬಟ್ಟೆ ಕೇಳಿ, ಅವಳೇ ಒರೆಸಿ ಹೊಳಪು ಬರಿಸಿದಳು.

"ಡ್ರಾಯರ್ ಮುಟ್ಟಬೇಡ," ಅಂದಳು. "ನಾಳೆ ನಾನೇ ಮಾಡ್ತೀನಿ."