ಆರಿಹೋಗೈತೆ ಎಂಬ ಮಾತು

ಪದ್ಮಾ, ಆ ಪದರ ಬಿರುಕು ಬಿಟ್ಟಿದ್ದು ನನ್ನಿಂದ. ನಿನ್ನ ಮಾತು ನನಗೆ ಸರಿಯಾಗಿಯೇ ಅರ್ಥವಾಗಿತ್ತು — ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು, ನಾಚಿಕೆಗೇಡು.

ಚಳ್ಳಕೆರೆ ಬಯಲಿನ ನಮ್ಮ ಲ್ಯಾಬಿನಲ್ಲಿ ನೀನು ಹರಳಿನ ಬಿಲ್ಲೆಯ ಮೇಲೆ ಕೂದಲಿಗಿಂತ ತೆಳುವಾದ ಫೆರೋಎಲೆಕ್ಟ್ರಿಕ್ ಪದರ ಕೂರಿಸುತ್ತಿದ್ದೆ. ಅಂಥ ಪದರವಿರುವ ಆಂಟೆನಾ ಕೂತಲ್ಲೇ ಕೂತು, ಬರೀ ವೋಲ್ಟೇಜ್ ಬದಲಿಸಿದರೆ ಬೇರೆ ದಿಕ್ಕಿಗೆ ಕಿವಿಗೊಡುತ್ತದೆ. ಅದನ್ನು ವಜ್ರದ ಮೊನೆಯಿಂದ ಒತ್ತಿ, ಎಷ್ಟು ಗಟ್ಟಿ, ಎಷ್ಟು ಬಾಗೀತು, ಬಿಲ್ಲೆಗೆ ಎಷ್ಟು ಬಿಗಿಯಾಗಿ ಅಂಟಿದೆ ಎಂದು ಅಳೆಯುವುದು ನನ್ನ ಕೆಲಸ. ಕುಲುಮೆಯಲ್ಲಿ ಕಾದ ಪದರವೂ ಬಿಲ್ಲೆಯೂ ಒಂದೇ ಸಮ ಕುಗ್ಗುವುದಿಲ್ಲ. ಅವಸರದಿಂದ ತಣಿಸಿದರೆ ಬಿರುಕು ಖಂಡಿತ.

ಅವತ್ತು ನೀನು ಊಟಕ್ಕೆ ಹೋಗಿದ್ದಾಗ ನಾನು ಫೋನ್ ಮಾಡಿ, ಕುಲುಮೆ ಏನಾಯಿತು ಎಂದು ಕೇಳಿದೆ. "ಆರಿಹೋಗೈತೆ ಸಾರ್," ಎಂದೆ ನೀನು. ಮೊಳಕಾಲ್ಮುರಿನ ನೇಕಾರರ ಮನೆಯವಳು, ತೆಲುಗು ಮಾತಿನವಳು. ತೆಲುಗಿನ 'ಆರಿಪೋಯಿಂದಿ'ಯಂತೆ, ದೀಪ ಆರಿದ ಹಾಗೆ ಕುಲುಮೆ ಆಫ್ ಆಗಿದೆ ಎಂಬುದು ನಿನ್ನ ಅರ್ಥ. ಕಾಫಿ ಆರಿದ ಹಾಗೆ ತಣ್ಣಗಾಗಿದೆ ಎಂದೂ ಅದನ್ನು ತಿರುಚಬಹುದಿತ್ತು. ಬಾಗಿಲ ಹತ್ತಿರ ಕಾವು ಮುಖಕ್ಕೆ ರಾಚುತ್ತಿತ್ತು. ಆದರೂ ಬಿಲ್ಲೆಯನ್ನು ಹೊರಗೆ ತೆಗೆದೆ — ಸಂಜೆಯೊಳಗೆ ಅಳತೆ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಚಟ, ಇನ್ನೇನು!

ಬಿರುಕು ಕಂಡು ಲ್ಯಾಬಿನ ಮುಖ್ಯಸ್ಥರು ಗದರಿದಾಗ, "ಆರಿಹೋಗೈತೆ ಅಂದ್ಲು ಸಾರ್. ಇವಳ ತೆಲುಗು ನಂಗೆಲ್ಲಿ ಅರ್ಥ ಆಗ್ಬೇಕು?" ಎಂದುಬಿಟ್ಟೆ.

"ಹಂಗೇ ಅಂದಿದ್ದೆ ಸಾರ್, ನಂದೇ ತಪ್ಪು," ಎಂದು ನೀನು ತಲೆ ತಗ್ಗಿಸಿದೆ. ನಿನ್ನದು ತಾತ್ಕಾಲಿಕ ಕೆಲಸ, ಅವರು ಮುಂದುವರಿಸಲಿಲ್ಲ. ನಾನು ಬಾಯಿ ಬಿಡಬಹುದಿತ್ತು — ಬಿಡಲಿಲ್ಲ.

ಕೊನೆಯ ದಿನ ನಿನ್ನನ್ನು ಬಸ್ಸಿನವರೆಗೆ ಬಿಡಲು ಬಂದೆ. ನಿಜ ಹೇಳಬೇಕೆಂದೇ ಬಂದಿದ್ದೆ, ಆದರೆ... ನೀನೇ ಮಾತು ತೆಗೆದೆ: "ಅಮ್ಮಗಾರು ಬಾಗುನ್ನಾರಾ ಸಾರ್?"

"ಬಾಗುಂದಮ್ಮಾ, ಇಂಟ್ಲೋನೇ ಉಂದಿ," ಎಂದೆ — ಅವ್ವ ಚೆನ್ನಾಗಿದ್ದಾಳೆ, ಮನೆಯಲ್ಲೇ ಇದ್ದಾಳೆ ಎಂದು. ಆ ಅವ್ವನೇ ಕಲಿಸಿದ ತೆಲುಗಿನಲ್ಲಿ, ಒಂದು ಚೂರೂ ತಡವರಿಸದೆ.

ನೀನು ನನ್ನ ಮುಖವನ್ನೇ ನೋಡಿದೆ. ಬೈಯಲಿಲ್ಲ. ಥೂ, ಬೈಯಬಾರದಿತ್ತೇ ನೀನು!

ಇವತ್ತು ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಹೋದ ಕೆಲಸ ಅದರಿಂದ ನಿನಗೆ ಮರಳಿ ಬಾರದು, ಬಲ್ಲೆ. ಮೊಳಕಾಲ್ಮುರಿಗೂ ಬರುತ್ತೇನೆ. ಮಗಳೇ ಕೆಡಿಸಿದಳೆಂದು ನಂಬಿರುವ ನಿಮ್ಮಪ್ಪನ ಮುಂದೆ ನಿಂತು, ನಿಮ್ಮ ಭಾಷೆಯಲ್ಲಿ — ಅಲ್ಲ, ನಮ್ಮ ಭಾಷೆಯಲ್ಲೇ ಹೇಳುತ್ತೇನೆ.