ಬಾಗಿಲ ಬೆಳಕಿಗೆ ಬಂದ ಮುಖ

ಬೀರೂರಿನಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಬ್ಬ ಆಂಟಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಯಾರೇ ಹೋದರೂ ಕುರ್ಚಿಯಲ್ಲಿ ಕೂರಿಸುವ ಮೊದಲು ಬಾಗಿಲಿಗೆ ಕರೆತಂದು ಗದ್ದ ಹಿಡಿದು ನೋಡುತ್ತಿದ್ದರು. "ಕನ್ನಡಿ ಆಮೇಲೆ, ಮೊದ್ಲು ಬೆಳಕಿಗೆ ಬಾಮ್ಮ." ಎಷ್ಟು ಗಂಟೆಗೆ ಮಲಗ್ತೀಯ, ನೀರು ಕುಡೀತೀಯ, ಸೊಪ್ಪು ತಿಂತೀಯ ಎಂದೆಲ್ಲ ಕೇಳಿ, ಅರ್ಧ ಜನರನ್ನು ಫೇಶಿಯಲ್ ಬೇಡವೆಂದೇ ವಾಪಸ್ ಕಳಿಸುತ್ತಿದ್ದರು. ಅವರ ಮುಖಕ್ಕೆ ಮಾತ್ರ ಸದಾ ಗೋಡೆಗೆ ಸುಣ್ಣ ಬಳಿದ ಹಾಗೆ ಫೌಂಡೇಶನ್. ನಾವು ಹುಡುಗಿಯರು ಅದನ್ನೇ ಆಡಿಕೊಂಡು ನಗುತ್ತಿದ್ದೆವು.

ನನ್ನ ನಿಶ್ಚಿತಾರ್ಥಕ್ಕೆ ವಾರವಿದ್ದಾಗ ಹೋದೆ. ಆಂಟಿ ಬಾಗಿಲಲ್ಲಿ ನಿಲ್ಲಿಸಿ, ನನ್ನ ಕೆನ್ನೆಯ ಮೇಲೆದ್ದಿದ್ದ ಸಣ್ಣ ಕೆಂಪು ನರಗಳನ್ನು ಬಹಳ ಹೊತ್ತು ನೋಡಿದರು.

"ಬೆಳ್ಳಗಾಗಕ್ಕೆ ಯಾವ ಟ್ಯೂಬ್ ಹಚ್ತಿದೀಯ?"

"ಏನೂ ಇಲ್ಲ ಆಂಟಿ."

ಗೆಳತಿ ಹೇಳಿದಳೆಂದು, ಡಾಕ್ಟರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ಬೆಳ್ಳಗಾಗುವ ಕ್ರೀಮ್ ತಂದು ಒಂದು ವರ್ಷದಿಂದ ಹಚ್ಚುತ್ತಿದ್ದೆ. ಅವತ್ತೂ ಟ್ಯೂಬ್ ಬ್ಯಾಗಿನಲ್ಲೇ ಇತ್ತು.

ಅವರು ಬೈಯಲಿಲ್ಲ. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಬಂದು, ಅಲ್ಲೇ ಬಾಗಿಲಲ್ಲಿ ನಿಂತು, ತಮ್ಮ ಕೆನ್ನೆಯನ್ನು ನಿಧಾನವಾಗಿ ಒರೆಸಿಕೊಂಡರು. ಬಣ್ಣದ ಕೆಳಗಿನ ಚರ್ಮ ಕಪ್ಪಾಗಿ, ತೆಳ್ಳಗಾಗಿ ಹೋಗಿತ್ತು. ಅದರ ತುಂಬ ನನ್ನಂಥವೇ ಕೆಂಪು ನರಗಳು.

"ನಾನೂ ಡಾಕ್ಟ್ರ ಹತ್ರ ಏನೂ ಹಚ್ಚಲ್ಲ ಅಂತಿದ್ದೆ ಕಣಮ್ಮ. ಮೂರು ವರ್ಷ."

ನಾನು ಬ್ಯಾಗಿನಿಂದ ಟ್ಯೂಬ್ ತೆಗೆದು ಅವರ ಕೈಗಿಟ್ಟೆ. ಅವರು ಪಾರ್ಲರಿಗೆ ಬೀಗ ಹಾಕಿ, ಚರ್ಮದ ಡಾಕ್ಟರಿಗೆ ತೋರಿಸಲು ನನ್ನ ಜೊತೆ ಶಿವಮೊಗ್ಗದ ರೈಲು ಹತ್ತಿದರು, ಬಣ್ಣ ಒರೆಸಿದ ಅದೇ ಮುಖದಲ್ಲಿ.